ಕಡಿಯದ ಎಳೆ

“ಈ ಎಳೆ ಯಾರದ್ದು, ಲೆಲ್ಲಾ ಝೊಹ್ರಾ? ಊಟಕ್ಕೆ ಬಂದ ನೆಂಟನ ಥರ ಕೂತುಬಿಟ್ಟಿದೆ. ಏಳೋ ಲಕ್ಷಣವೇ ಇಲ್ಲ,” ಎಂದ ವಜ್ದಿ.

ಕಡಲಿಗಿಳಿದ ದೋಣಿಗಳ ಕರೆ ಹಿಡಿಯುವ, ಮಹದಿಯಾ ಬಂದರಿನ ಮೀನುಗಾರರ ಸಂಘದ ಸರ್ವರು ಕೆಲವು ತಿಂಗಳಿಂದ ಏದುಸಿರು ಬಿಡುತ್ತಿತ್ತು. ಒಮ್ಮೆ ಆರಿಸಿ ಹಚ್ಚೋಣ ಎಂದರೆ ಅದನ್ನು ನೋಡಿಕೊಳ್ಳುವ, ಬಂದರಿನವರೆಲ್ಲ ಗೌರವದಿಂದ ‘ಲೆಲ್ಲಾ’ ಎಂದು ಕರೆಯುವ ಝೊಹ್ರಾ ಸುತರಾಂ ಒಪ್ಪುತ್ತಿರಲಿಲ್ಲ. ಕಡೆಗೆ ಅದರ ನಾಡಿ ಹಿಡಿದು ನೋಡಲೆಂದು ಟ್ಯುನಿಸ್‌ನಿಂದ ಎಂಜಿನಿಯರ್ ವಜ್ದಿಯನ್ನು ಕರೆಸಿದ್ದರು. ಬೆಳಿಗ್ಗೆಯಿಂದ ಕೂತು ಅವನು ಪರದೆಯ ಮೇಲೆ ಗೆರೆಗಳನ್ನು ಓಡಿಸಿದ್ದ: ಜಾವಾ ಪ್ರೋಗ್ರಾಂ ಎಷ್ಟು ಮೆಮೊರಿ ತಿನ್ನುತ್ತಿದೆ, ಅದರೊಳಗೆ ಯಾವ ದೋಣಿಯ ಎಳೆ, ಅಂದರೆ ಥ್ರೆಡ್, ಏನು ಮಾಡುತ್ತಿದೆ, ಎಲ್ಲ ಕಣ್ಣೆದುರಿಗೇ. ದೋಣಿಗೊಂದು ಎಳೆ. ಕಡಲಿನಿಂದ ದೋಣಿ ಕರೆದರೆ ಹುಟ್ಟುತ್ತದೆ. ದೋಣಿ ಸುಮ್ಮನಾದರೆ ಸ್ವಲ್ಪ ಹೊತ್ತು ಕಾದು, ತಾನೇ ಕಡಿದುಹೋಗುತ್ತದೆ.

ಝೊಹ್ರಾ ಹೆಸರು ಓದಲೂ ಇಲ್ಲ. “ಯಮಾಮಾ. ನನ್ನ ತಮ್ಮ ಶಾದ್ಲಿಯ ದೋಣಿ. ಹೋದ ಚಳಿಗಾಲದಲ್ಲಿ ಮುಳುಗಿತು.”

ವಜ್ದಿಯ ನಗು ಬಾಯಲ್ಲೇ ಉಳಿಯಿತು. “ದೇವರು ಅವರಿಗೆ ಕರುಣೆ ತೋರಲಿ. ಆದ್ರೆ ಇದು ಕಡಿದುಹೋಗಬೇಕಿತ್ತಲ್ಲ?”

“ಕಾಯೋದಕ್ಕೆ ಒಂದು ಮಿತಿ ಅಂತ ಇತ್ತು. ಆವತ್ತು ಯಮಾಮಾಗೆ ಮಾತ್ರ ನಾನೇ ತೆಗೆದುಹಾಕಿದೆ. ಹುಡುಕೋಕೆ ಹೋದವರು ಇನ್ನೂ ವಾಪಸ್ ಬಂದಿರಲಿಲ್ಲ ನೋಡು. ಆಮೇಲೆ ತಿರುಗಿ ಹಾಕೋಕೆ ಕೈಯೇ ಬರಲಿಲ್ಲ.”

“ಕಾಯ್ಲಿ ಬಿಡಿ. ಬರೀ ಕಾಯೋ ಎಳೆಗೆ ತೂಕ ಇರಲ್ಲ.” ವಜ್ದಿ ದನಿ ತಗ್ಗಿಸಿದ. “ಇದು ಬೆಳೀತಾ ಇದೆ, ಲೆಲ್ಲಾ. ಆ ಕಡೆಯಿಂದ ಏನೋ ಬಂದು ಬಂದು ಸೇರ್ತಿದೆ. ಬಿಚ್ಚಿ ನೋಡಿದೆ. ದೋಣಿಯ ಹೆಸರಿದೆ, ಮಾತಿರಬೇಕಾದ ಜಾಗ ಖಾಲಿ. ಮತ್ತೆ ಹೆಸರು, ಮತ್ತೆ ಖಾಲಿ.”

ಕಿಟಕಿಯಾಚೆ ಗಾಳಿ ಏಳುತ್ತಿತ್ತು. ಧಕ್ಕೆಯಲ್ಲಿ ಯಮಾಮಾ ನಿಲ್ಲುತ್ತಿದ್ದ ಜಾಗಕ್ಕೆ ಇವತ್ತಿಗೂ ಯಾರೂ ದೋಣಿ ತಂದು ಕಟ್ಟುತ್ತಿರಲಿಲ್ಲ. ಕಲ್ಲುಗೂಟಕ್ಕೆ ಸುತ್ತಿದ್ದ ಅದರ ಹಗ್ಗ ಸಡಿಲವಾಗಿ ನೀರಿಗೆ ಇಳಿಬಿದ್ದಿತ್ತು.

“ಉಳಿದ ದೋಣಿಗಳೆಲ್ಲ ಹೊರಗಿವೆ,” ಎಂದ ವಜ್ದಿ. “ಇದು ಹೀಗೇ ಉಬ್ಬಿದ್ರೆ ಸಂಜೆಯೊಳಗೆ ಸರ್ವರು ಸಾಯುತ್ತೆ. ಆಮೇಲೆ ಯಾರು ಕೂಗಿಕೊಂಡ್ರೂ ನಮಗೆ ಕೇಳಿಸಲ್ಲ. ನಾನು ಕಡೀಲಾ?”

“ಬೇಡಪ್ಪ. ಅವನು ನನ್ನ ತಮ್ಮ. ನಾನೇ ಕಡೀತೀನಿ.”

ಒತ್ತುವ ಮುನ್ನ ಅವಳ ಬೆರಳು ಕೀಲಿಯ ಮೇಲೆ ಬಹಳ ಹೊತ್ತು ನಿಂತಿತ್ತು. ಪರದೆಯ ಮೇಲೆ ಮೆಮೊರಿಯ ಗೆರೆ ದೊಪ್ಪನೆ ಬಿದ್ದು ನೆಲ ಹಿಡಿಯಿತು. ಸರ್ವರಿನ ಫ್ಯಾನಿನ ಸದ್ದೂ ಇಳಿಯಿತು. ವಜ್ದಿ ಅವಳ ಲೋಟ ಎತ್ತಿಕೊಂಡ.

“ಆರಿಹೋಗಿದೆ. ಬಿಸಿಯಾಗಿ ಬೇರೆ ಕಾಫಿ ತರ್ತೀನಿ, ಕೂತಿರಿ.”

“ವಜ್ದಿ, ಎಳೆ ತಾನಾಗಿ ಹುಟ್ಟುತ್ತಾ?”

“ಎಲ್ಲಾದ್ರೂ ಉಂಟಾ? ದೋಣಿ ಕರೀಬೇಕು.”

ಹೇಳಿದವನು ತಿರುಗಿ ನೋಡಿದ. ಪರದೆಯ ಮೇಲೆ, ಹೆಸರುಗಳ ಸಾಲಿನ ಕೊನೆಯಲ್ಲಿ, ಯಮಾಮಾ ಹೊಸದಾಗಿ ಮೂಡಿ ನಿಂತಿತ್ತು.

ಝೊಹ್ರಾ ಪರದೆಯನ್ನು ನೋಡುತ್ತಿರಲಿಲ್ಲ. ಅವಳ ಕಣ್ಣು ಕಿಟಕಿಯಾಚೆ ಇತ್ತು. ಧಕ್ಕೆಯ ಖಾಲಿ ಜಾಗದಲ್ಲಿ, ನೀರಿಗೆ ಇಳಿಬಿದ್ದಿದ್ದ ಹಗ್ಗ ನಿಧಾನವಾಗಿ ಬಿಗಿಯತೊಡಗಿತು.