ಎರಡು ಹನಿ ಸಾಂಬಾರು

"ಉಪ್ಪು ಹಾಕಿದ್ದು ನೀನಾ, ನಾನಾ?" ಕುದಿಯುವ ಸಾಂಬಾರಿನ ಮುಂದೆ ಅಣ್ಣು ಭಟ್ಟರು ಚಡಪಡಿಸಿದರು.

"ನೆನಪಿಲ್ಲ ಭಟ್ರೇ," ಎಂದ ಯಾಕೂಬ. ಚೆಂಬೂರಿನ ಆ ಹೋಟೆಲಿಗೆ ಇವರಿಬ್ಬರೇ ಅಡುಗೆಯವರು. ಯಾಕೂಬನಿಗೆ ರಂಜಾನ್ ಉಪವಾಸ, ಭಟ್ಟರಿಗೆ ಏಕಾದಶಿ. ಬಡಿಸುವವರ ನಾಲಿಗೆಯನ್ನು ಭಟ್ಟರು ನಂಬುವವರಲ್ಲ. ಗಲ್ಲಾದಿಂದ ಮಾಲೀಕರು ಮತ್ತೆ ಕೂಗಿದರು: "ಸಾಂಬಾರ್ ಜಲ್ದಿ ಕಳ್ಸಿ, ಗಿರಾಕಿ ನಿಂತಿದ್ದಾರೆ!"

ಯಾಕೂಬ ಸೌಟು ಎತ್ತಿದ. "ನಾನೇ ನೋಡ್ತೇನೆ. ಒಂದು ಉಪವಾಸ ಆಮೇಲೆ ಹಿಡಿದ್ರಾಯ್ತು."

"ನಿಂಗೆ ಮಂಡೆ ಸಮ ಇಲ್ವಾ ಮಾರಾಯ?" ಭಟ್ಟರು ಸೌಟು ಕಸಿದುಕೊಂಡು, ಬಲ ಅಂಗೈಯನ್ನು ಗುಳಿ ಮಾಡಿ, ಎರಡು ಹನಿ ಬಿಟ್ಟುಕೊಂಡು ಹೀರಿದರು. ಮೂವತ್ತು ವರ್ಷ ತಪ್ಪದ ಏಕಾದಶಿ ಮುರಿಯಿತು.

"ಸಪ್ಪೆ. ಎರಡು ಹಿಡಿ ಹಾಕು," ಎಂದರು. ಅಷ್ಟರಲ್ಲಿ ಅವರ ಒದ್ದೆ ಅಂಗೈ, ತೀರ್ಥ ಕುಡಿದ ಮೇಲೆ ಹೋಗುವಂತೆ, ತಾನಾಗಿ ನೆತ್ತಿಗೆ ಹೋಗಿತ್ತು.