ಕೌಶಲನ ಬೈಕಿನ ರಾಡು

ಬೈಕಿನ ಮುಂಚಕ್ರವನ್ನು ಹಿಡಿದಿರುವ ಎರಡು ರಾಡುಗಳನ್ನು ಗ್ಯಾರೇಜಿನವನಿಂದ ಬಿಚ್ಚಿಸಿ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಊರ್ಮಿಳಾ ಮುಂಬೈ ಹೊರವಲಯದ ದಿವಾದಿಂದ ಡೊಂಬಿವಲಿಗೆ ಬಂದಿದ್ದರು. ಆಯುಧಪೂಜೆಯೊಳಗೆ ಫಳಫಳ ಹೊಳೆಯಬೇಕಂತೆ.

ಲೋಹಕ್ಕೆ ಹೊಳಪಿನ ಲೇಪ ಹಾಕುವ ಪ್ಲೇಟಿಂಗ್ ಶಾಪಿನ ಸಂಕರ್ಷಣ, ಇದಕ್ಕೆ ಹಾರ್ಡ್ ಕ್ರೋಮೇ ಆಗಬೇಕೆಂದ. ನಲ್ಲಿಗೆ, ಕುರ್ಚಿಕಾಲಿಗೆ ಹಾಕುವ ಶೋ ಕ್ರೋಮ್ ನೋಡಲು ಚಂದ, ಆದರೆ ಈರುಳ್ಳಿ ಸಿಪ್ಪೆಗಿಂತ ತೆಳು. ಗಾಡಿ ಓಡುವಾಗ ಮೇಲೆ ಕೆಳಗೆ ಉಜ್ಜುವ ರಾಡಿನ ಮೇಲೆ ಬಾಳುವುದಿಲ್ಲ. ಹಾರ್ಡ್ ಕ್ರೋಮ್ ದಪ್ಪ, ಕೆಲಸವೂ ನಿಧಾನ, ಪೂಜೆಯೊಳಗೆ ಆಗುವ ಮಾತೇ ಇಲ್ಲ. ಈ ಪಾಠ ಒಪ್ಪಿಸುವುದೆಂದರೆ ಅವನಿಗೆ ಬಲು ಇಷ್ಟ, ಗಿರಾಕಿ ಕೇಳಲಿ ಬಿಡಲಿ.

"ಹೊಳೆದ್ರೆ ಸಾಕು," ಅಂದರು ಊರ್ಮಿಳಾ. "ಓಡಿಸುವವನೇ ಇಲ್ಲ."

ಮಗ ಕೌಶಲ್ ಹೋದ ವರ್ಷ ಇದೇ ಬೈಕಿನಿಂದ ಬಿದ್ದು ತೀರಿಕೊಂಡಿದ್ದ. ಇಂಜಿನ್ ಕಳಚಿ ಮಾರಿ, ಉಳಿದದ್ದನ್ನು ಮೂರನೇ ಮಾಳಿಗೆಯ ಹಾಲ್‌ನಲ್ಲಿ ನಿಲ್ಲಿಸಿದ್ದರು. ತುಕ್ಕು ಕಂಡಾಗಲೆಲ್ಲ ಗಂಡ ಮುರಾರಿ, ಗುಜರಿಗೆ ಹಾಕಲು ಭಂಗಾರಿನವನನ್ನು ಕರೆಯುತ್ತೇನೆ ಎನ್ನುತ್ತಿದ್ದರು. ಅದೂ ಹೋದರೆ ಮನೆಯಲ್ಲಿ ಮಗನದೆಂಬುದು ಏನೂ ಉಳಿಯುವುದಿಲ್ಲ ಎಂಬ ಸಂಕಟ ಈ ತಾಯಿಯದು. ಸಂಕರ್ಷಣನ ಮನಸ್ಸು ಕರಗಿತು. ಶೋ ಕ್ರೋಮನ್ನೇ ಮಾಡಿಕೊಟ್ಟ.

ದೀಪಾವಳಿ ಕಳೆದು ಊರ್ಮಿಳಾ ಮತ್ತೆ ಬಂದರು. ಈ ಸಲ ಬೆಡ್‌ಶೀಟಿಗೆ ಎಣ್ಣೆ ಹತ್ತಿತ್ತು. ರಾಡುಗಳ ಮೇಲೆ ಉದ್ದುದ್ದ ಗೀರು. ಹೊಳಪು ಸುಲಿದು ಒಳಗಿನ ಉಕ್ಕು ಕಾಣುತ್ತಿತ್ತು. ಊರೆಲ್ಲ ಸುತ್ತಿದ ಬೈಕಿನ ರಾಡು ಹೀಗಾಗುವುದನ್ನು ಅವನು ಕಂಡಿದ್ದ. ಹಾಲ್‌ನಲ್ಲಿ ನಿಂತದ್ದು ಹೀಗಾದದ್ದನ್ನು ಕಂಡಿರಲಿಲ್ಲ. ಅವನಿಗೆ ಭಯವಾಯಿತು.

ಯಾರಾದರೂ ಕೆಳಗಿಳಿಸಿ ಓಡಿಸಿದರೇ ಎಂದು ಕೇಳಿದ. ಇಂಜಿನ್ನೇ ಇಲ್ಲದ್ದನ್ನು ಯಾರು ಓಡಿಸುತ್ತಾರೆ ಎಂದರು ಅವರು. ಪೂಜೆಯ ದಿನ, ಗಾಡಿ ಮುಂದೆ ಸರಿದಾಗ ಒಡೆಯಲೆಂದು ಚಕ್ರದಡಿ ಲಿಂಬೆಹಣ್ಣು ಇಡುತ್ತಾರಲ್ಲ, ಶಾಸ್ತ್ರಕ್ಕೆಂದು ಅವರೂ ಇಟ್ಟಿದ್ದರು. ಮರುದಿನ ಬೆಳಿಗ್ಗೆ ಏಳುವಾಗ ಅದು ಜಜ್ಜಿಹೋಗಿತ್ತಂತೆ. ಅಂದಿನಿಂದ ಟಯರಿನಲ್ಲಿ ದಿನಾ ಹಸಿ ಮಣ್ಣು. ಮುರಾರಿ ಏಳುವ ಮೊದಲೇ ಇವರು ಒರೆಸಿಬಿಡುತ್ತಾರಂತೆ.

ಸಂಕರ್ಷಣ ತನಗೆ ಗೊತ್ತಿದ್ದದ್ದನ್ನೇ ಹೇಳಿದ. ಹೀಗೆ ಗೀರು ಬಿದ್ದರೆ ಒಳಗಿನ ಎಣ್ಣೆ ಸೋರಿ ಬ್ರೇಕಿಗೆ ಇಳಿಯುತ್ತದೆ, ಆಮೇಲೆ ಬ್ರೇಕ್ ಹಿಡಿಯುವುದಿಲ್ಲ.

ಊರ್ಮಿಳಾ ಅವನ ಕೈ ಹಿಡಿದುಕೊಂಡರು.

"ಹಾಗಾದ್ರೆ ಹಾರ್ಡ್ ಕ್ರೋಮೇ ಮಾಡಿ ಮಾರಾಯ್ರೆ. ನಿಧಾನ ಆದ್ರೂ ಅಡ್ಡಿಲ್ಲ, ಅಷ್ಟು ದಿನ ಮನೆಯಲ್ಲೇ ಇರ್ತಾನೆ. ಅವ ಇನ್ನೊಮ್ಮೆ ಬೀಳುವುದು ಬೇಡ."