ಕಂದು ಕಾಗದದ ಹೊದಿಕೆ

ತೆಳ್ಳಗಿನ ಪುಸ್ತಕವನ್ನು ಸೋಲಿಸಬೇಕೆಂದು ಬಾಯ್ಲರ್ ಮೇಷ್ಟ್ರು ಅದನ್ನು ತೆರೆಯುವ ಮೊದಲೇ ತೀರ್ಮಾನಿಸಿದ್ದರು. ತೆರೆದ ಮೇಲೆ ಕೆಲಸ ಕಷ್ಟವಾಯಿತು. ಪುಸ್ತಕ ಚೆನ್ನಾಗಿತ್ತು.

ಮೇಜಿನ ಮೇಲಿದ್ದದ್ದು ಎರಡೇ ಪುಸ್ತಕ. ಎರಡಕ್ಕೂ ಕಂದು ಕಾಗದದ ಹೊದಿಕೆ. ಬರೆದವರ ಹೆಸರಿರುವ ಪುಟಗಳನ್ನೂ ಒಳಗೆ ಸೇರಿಸಿ ಅಂಟಿಸಲಾಗಿತ್ತು. ಎಂಜಿನಿಯರಿಂಗ್ ಮಕ್ಕಳಿಗೆ ಉಷ್ಣ ವರ್ಗಾವಣೆಯ ಪಠ್ಯ ಆರಿಸುವಾಗ ಆ ಕಾಲೇಜಿನಲ್ಲಿ ನಡೆದುಬಂದ ಪದ್ಧತಿ ಅದು. ಗೆದ್ದ ಪುಸ್ತಕದ ಹೊದಿಕೆ ಮಾತ್ರ ಬಿಚ್ಚಬೇಕು. ಸೋತದ್ದು ಹೊದಿಕೆ ಸಮೇತ ಪ್ರಕಾಶಕರಿಗೆ ವಾಪಸು. ಸೋತವರ ಮಾನ ಹರಾಜಾಗಬಾರದಲ್ಲ! ಹಿಂದೆ ವಿಭಾಗದ ಮುಖ್ಯಸ್ಥರಾಗಿದ್ದ ದೊಡ್ಡ ಮೇಷ್ಟ್ರು ಮಾಡಿಟ್ಟುಹೋದ ನಿಯಮ. ಮುಖ ನೋಡಿ ಮಣೆ ಹಾಕಬಾರದು ಎನ್ನುವುದು ಅವರ ಮಾತು.

ಈಗ ಅವರ ಕುರ್ಚಿಯಲ್ಲಿ ಕೂತಿದ್ದವರು ಅವರ ಶಿಷ್ಯ. ಬೇಗ ಕುದಿಯುವ ಸ್ವಭಾವ ನೋಡಿ ವಿದ್ಯಾರ್ಥಿಗಳು ಇಟ್ಟ ಹೆಸರು ಬಾಯ್ಲರ್ ಮೇಷ್ಟ್ರು.

ದಪ್ಪ ಪುಸ್ತಕದ ಮುಖ ನೋಡುವ ಅಗತ್ಯವೇ ಇರಲಿಲ್ಲ. ಅದರ ಚಿತ್ರಗಳನ್ನು ಬರೆದುಕೊಟ್ಟವರು ವಿದ್ಯಾರ್ಥಿಯಾಗಿದ್ದ ಬಾಯ್ಲರ್ ಮೇಷ್ಟ್ರೇ. ಸೊಟ್ಟ ಬಾಣಗಳು ಇನ್ನೂ ಸೊಟ್ಟಗೇ ಇದ್ದವು. ಅದು ದೊಡ್ಡ ಮೇಷ್ಟ್ರು ಬರೆದದ್ದು. ಇಷ್ಟು ವರ್ಷ ಅಲ್ಲಿ ಪಠ್ಯವಾಗಿದ್ದದ್ದೂ ಅದೇ. ಎಡ ಪುಟದ ತುಂಬ ಸಮೀಕರಣ, ಬಲ ಪುಟದ ತುಂಬ ಅದರ ಮರಿಗಳು. ಅದನ್ನು ನಂಬಿ ಪ್ರತಿ ವರ್ಷ ಅರ್ಧ ತರಗತಿ ಫೇಲಾಗುತ್ತಿತ್ತು.

ತೆಳ್ಳಗಿನದು ಒಂದು ಪ್ರಶ್ನೆಯಿಂದ ಶುರುವಾಗುತ್ತಿತ್ತು: ಕಾದ ಕೆಟಲ್‌ನ ಹಿಡಿಗೆ ಹಳೆಯ ಕಾಲುಚೀಲ ಸುತ್ತಿದರೆ ಕೈ ಏಕೆ ಸುಡುವುದಿಲ್ಲ? ಮೇಷ್ಟ್ರಿಗೆ ನಗು ಬಂತು. ಮುಂದಿನ ಎರಡು ಪುಟ ಓದುವಷ್ಟರಲ್ಲಿ, ತಾವು ಇಷ್ಟು ವರ್ಷ ಬಾಯಿಪಾಠ ಒಪ್ಪಿಸುತ್ತಿದ್ದದ್ದು ಏನೆಂದು ಮೊದಲ ಸಲ ಅರ್ಥವಾಯಿತು. ಯಾರೋ ಚುರುಕು ಹುಡುಗನ ಕೆಲಸ ಎಂದುಕೊಂಡರು. ಇನ್ನೂ ಓದಿದರೆ ಮನಸ್ಸು ಜಾರೀತೆಂದು ಮುಚ್ಚಿಟ್ಟರು.

ಹೋದ ವಾರ ಗುರುಗಳನ್ನು ನೋಡಿಬಂದಿದ್ದರು. ಮುದುಕರ ಕೈ ನಡುಗುತ್ತಿತ್ತು, ಪೆನ್ನು ಹಿಡಿಯುವ ಕಾಲ ಎಂದೋ ಮುಗಿದಿತ್ತು.

“ಈ ಸಲದ ಆಯ್ಕೆ ಒಂದು ನೋಡಿಬಿಟ್ರೆ ನನಗಿನ್ನೇನೂ ಬೇಡ ಕಣೋ” ಎಂದಿದ್ದರು. “ಆದ್ರೆ ನನ್ನ ಮುಖ ನೋಡಬೇಡ. ಪುಸ್ತಕ ನೋಡು.”

ಹಿರಿಯರು ಬೇಡ ಅಂದರೆ ಬೇಕು ಅಂತಲೇ ಅರ್ಥ ಎಂದು ಶಿಷ್ಯ ಲೆಕ್ಕ ಹಾಕಿದರು. ಒಂದು ಕಾಲದಲ್ಲಿ ಇದೇ ವಿಷಯದಲ್ಲಿ ಡುಮ್ಕಿ ಹೊಡೆದಿದ್ದ ತಮ್ಮನ್ನು ಭಾನುವಾರಗಳೆಲ್ಲ ಮನೆಯಲ್ಲಿ ಕೂರಿಸಿಕೊಂಡು ದಡ ಸೇರಿಸಿದವರು ಅವರು. ಉಂಡ ಮನೆಯ ಜಂತೆ ಎಣಿಸುವುದು ಹೇಗೆ?

ಸಭೆಯಲ್ಲಿ ಮೂರೇ ಜನ. ಕಿರಿಯ ಉಪನ್ಯಾಸಕಿ ಮೊದಲು ಬಾಯಿ ಬಿಟ್ಟಳು. “ಸರ್, ಸಣ್ಣ ಪುಸ್ತಕವೇ ಇರಲಿ. ಮಕ್ಕಳಿಗೆ ಅರ್ಥ ಆಗುತ್ತೆ.”

“ಅರ್ಥ ಆಗೋದೇ ಎಲ್ಲಾ ಅಲ್ಲಮ್ಮ. ಎಂಜಿನಿಯರ್‌ಗೆ ಒಂದು ಗಾಂಭೀರ್ಯ ಬೇಡವಾ? ಕೆಟಲ್ಲು, ಕಾಲುಚೀಲ ಅಂತ ಪಾಠ ಮಾಡಿದ್ರೆ ನಾಳೆ ಯಾರಾದ್ರೂ ನಕ್ಕಾರು.”

“ನೀವು ಎಷ್ಟು ಓದಿದ್ರಿ ಸರ್?”

“ಬೇಕಾದಷ್ಟು.”

ಪ್ರಯೋಗಾಲಯದ ಮೇಷ್ಟ್ರು ಕೋಲೆಬಸವನ ಹಾಗೆ ತಲೆಯಾಡಿಸಿದರು. ದಪ್ಪ ಪುಸ್ತಕ ಗೆದ್ದಿತು. ಹೊದಿಕೆ ಬಿಚ್ಚಿದಾಗ ಗುರುಗಳ ಹೆಸರು ಕಂಡು ಬಾಯ್ಲರ್ ಮೇಷ್ಟ್ರು “ಓಹೋ!” ಎಂದು ಆಶ್ಚರ್ಯಪಟ್ಟರು. ಆ ನಾಟಕಕ್ಕೆ ಅವರಿಗೇ ಅಸಹ್ಯವಾಯಿತು. ತೆಳ್ಳಗಿನದಕ್ಕೆ ತಾವೇ ಕೈಯಾರೆ ದಾರ ಕಟ್ಟಿ, ವಾಪಸು ಕಳಿಸಲು ಕಚೇರಿಗೆ ಕೊಟ್ಟರು.

ಮೆಟ್ಟಿಲ ಬಳಿ ಒಬ್ಬಳು ವಿದ್ಯಾರ್ಥಿನಿ ಕಾಯುತ್ತಿದ್ದಳು. “ಸರ್, ಪುಸ್ತಕ ಬದಲಾಗುತ್ತಂತೆ, ಹೌದಾ? ನಂದು ಇದೊಂದೇ ಸಬ್ಜೆಕ್ಟ್ ಉಳ್ಕೊಂಡಿರೋದು. ಇದೂ ಹೋದ್ರೆ ಮನೇಲಿ ಓದು ಬಿಡಿಸ್ತಾರೆ.”

“ಚೆನ್ನಾಗಿ ಓದಮ್ಮ” ಎಂದರು. ಅವಳ ಮುಖ ನೋಡಲಾಗಲಿಲ್ಲ. ಬಾಯ್ಲರ್‌ನಂಥ ಮನುಷ್ಯ ಅಂದು ತಣ್ಣಗೆ ಬೆವರಿದರು. ಒಬ್ಬ ಮುದುಕರ ಸಂತೋಷಕ್ಕೆ ಒಂದು ತರಗತಿಯ ಮಕ್ಕಳನ್ನು ಬಲಿ ಕೊಟ್ಟೆ ಎಂಬ ಕೊರಗು ಗುರುಗಳ ಮನೆಯ ಬಾಗಿಲವರೆಗೂ ಬೆನ್ನು ಬಿಡಲಿಲ್ಲ.

“ಬಾಪ್ಪಾ. ಬೆಳಗ್ಗೆಯಿಂದ ಬಾಗಿಲನ್ನೇ ನೋಡ್ತಾ ಕೂತಿದ್ದಾರೆ” ಎಂದು ಗುರುಪತ್ನಿ ಒಳಗೆ ಕರೆದರು. ಅವರ ಬೆರಳ ತುದಿಯಲ್ಲಿ ಶಾಯಿಯ ಹಳೆಯ ಕಲೆ ಇತ್ತು.

“ಸರ್, ನಿಮ್ಮ ಪುಸ್ತಕವೇ ಗೆದ್ದಿದೆ.”

ದೊಡ್ಡ ಮೇಷ್ಟ್ರು ಬೆಚ್ಚಿಬಿದ್ದರು. “ನಂದು ಅಂತ ನಿನಗೆ ಹೇಗೋ ಗೊತ್ತಾಯ್ತು?”

“ಗೆದ್ದ ಮೇಲೆ ಹೊದಿಕೆ ಬಿಚ್ಚಿದ್ವಲ್ಲ ಸರ್.”

“ಅದಕ್ಕೂ ಮೊದಲು? ಮುಖ ನೋಡಿ ಮಣೆ ಹಾಕ್ಲಿಲ್ಲ ತಾನೆ?”

“ಇಲ್ಲ ಸರ್. ಪುಸ್ತಕ ನೋಡಿಯೇ.”

ಮುದುಕರ ಕಣ್ಣಲ್ಲಿ ನೀರು ತುಂಬಿತು. “ಕೇಳಿದ್ಯೇನೇ?” ಎಂದು ಹೆಂಡತಿಯನ್ನು ಕೂಗಿದರು. ಆ ಮುಖ ಕಂಡು ಶಿಷ್ಯನ ಎದೆಯ ಭಾರ ಸ್ವಲ್ಪ ಇಳಿಯಿತು. ಪಾಪವನ್ನೇ ಮಾಡಿರಬಹುದು, ವ್ಯರ್ಥವಾಗಲಿಲ್ಲ.

ಯಾವಾಗಲೂ ಒಳಗಿನಿಂದ ಕಪ್ಪುಗಳನ್ನು ಮಾತ್ರ ತಂದಿಡುತ್ತಿದ್ದ ಗುರುಪತ್ನಿ ಅಂದು ಸಂಭ್ರಮದಲ್ಲಿ ಚಹಾದ ಕೆಟಲನ್ನೇ ಹಿಡಿದುಕೊಂಡು ಬಂದರು.

ದೊಡ್ಡ ಮೇಷ್ಟ್ರು ಅದರ ಹಿಡಿಗೆ ಸುತ್ತಿದ್ದ ಹಳೆಯ ಕಾಲುಚೀಲವನ್ನು ನಡುಗುವ ಕೈಯಲ್ಲಿ ತಟ್ಟಿ ನಕ್ಕರು: “ನಾನು ಹೇಳ್ತಾ ಹೋದೆ, ಇವಳು ಬರ್ಕೊಂಡಳು, ಇದರಿಂದಲೇ ಶುರುಮಾಡಿ ಅಂತ ಹಟ ಹಿಡಿದವಳೂ ಇವಳೇ ಕಣೋ. ಅಂತೂ ನನ್ನ ಆ ಹಳೇ ದಪ್ಪ ಪುಸ್ತಕದ ಕಾಟ ಮಕ್ಕಳಿಗೆ ಇವತ್ತಿಗೆ ತಪ್ಪಿತು ಬಿಡು!”